ಜನರ ಜೊತೆ ಸೇರಿ ಕಾಡು, ನೀರು, ಮೀನು ನೋಡಿಕೊಳ್ಳುವುದು: ಸರ್ಕಾರಿ ಅಧಿಕಾರಿಗಳ ತರಬೇತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಡು, ನೀರು, ಹುಲ್ಲುಗಾವಲು, ಮೀನುಗಾರಿಕೆ ಇವನ್ನೆಲ್ಲ ಇಲಾಖೆಯೂ ಸ್ಥಳೀಯರೂ ಸೇರಿ ನೋಡಿಕೊಳ್ಳುವುದಕ್ಕೆ ಸಹಭಾಗಿ ನಿರ್ವಹಣೆ ಎನ್ನುತ್ತಾರೆ. ಇದಕ್ಕಾಗಿ ಸರ್ಕಾರಿ ಅಧಿಕಾರಿಗಳಿಗೆ ಕೊಡುವ ತರಬೇತಿಯ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಎರಡು ಸಾಲು ಸಾಕಾಗಿದೆ.

ಈ ತರಬೇತಿ ಯಾರಿಗೆ?

ಹುದ್ದೆಯ ಹೆಸರು ಮುಖ್ಯವಲ್ಲ. ನಿಮ್ಮ ಒಂದು ಸಹಿಯಿಂದ ಇನ್ನೊಬ್ಬರ ಸೌದೆ, ಮೇವು, ನೀರು ಅಥವಾ ಬಲೆಗೆ ಹೆಚ್ಚುಕಡಿಮೆ ಆಗುತ್ತದೆ ಅಂದರೆ ಇದು ನಿಮಗೆ ಬೇಕು. ಅರಣ್ಯಾಧಿಕಾರಿ, ನೀರಾವರಿ ಎಂಜಿನಿಯರ್, ಮೀನುಗಾರಿಕೆ ಅಧಿಕಾರಿ, ವನ್ಯಜೀವಿ ವಿಭಾಗದವರು ಎಲ್ಲರೂ ಇದರಲ್ಲಿ ಬರುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ತರಬೇತಿಗೆ ಹೆಸರು ಕಳಿಸುವಾಗ ಕಾವಲುಗಾರರನ್ನು, ನೀರುಗಂಟಿಗಳನ್ನು ಬಿಟ್ಟುಬಿಡುವ ಇಲಾಖೆಗಳೇ ಜಾಸ್ತಿ. ಆದರೆ ಜನರ ಕಣ್ಣಿಗೆ ಇಲಾಖೆ ಅಂದರೆ ಅವರೇ. ಮೇಲಿನವರು ಒಪ್ಪಂದಕ್ಕೆ ಸಹಿ ಹಾಕಿ ಬಂದ ಮರುದಿನ ಅವರು ಹಳೇ ಧಾಟಿಯಲ್ಲಿ ಗದರಿದರೆ ಒಪ್ಪಂದ ಅಲ್ಲಿಗೇ ಮುಗಿಯಿತು.

ಅಂದರೆ ಇದು ಚೆನ್ನಾಗಿ ಮಾತಾಡುವುದನ್ನು ಕಲಿಸುವ ತರಬೇತಿನಾ?

ಹಾಗೆಂದು ತುಂಬಾ ಜನ ತಿಳಿದುಕೊಂಡಿದ್ದಾರೆ. ಕೆಲವು ತರಬೇತಿಗಳು ನಡೆಯುವುದೂ ಹಾಗೆಯೇ. ಎರಡು ದಿನ ಆಟ, ಗುಂಪು ಚರ್ಚೆ, ಗೋಡೆ ತುಂಬಾ ಬಣ್ಣದ ಚೀಟಿ, ಕೊನೆಗೆ ಗ್ರೂಪ್ ಫೋಟೊ ಮತ್ತು ಸರ್ಟಿಫಿಕೇಟ್. ಅದರಿಂದ ನಷ್ಟವೇನೂ ಇಲ್ಲ. ಆದರೆ ಕಚೇರಿಗೆ ವಾಪಸ್ ಹೋದ ಮೇಲೆ ಕೆಲಸದ ರೀತಿ ಬದಲಾಗಿರುವುದಿಲ್ಲ.

ಜನರ ಜೊತೆಗಿನ ಕೆಲಸ ಕೆಡುವುದು ಅಧಿಕಾರಿಗೆ ಮಾತು ಬರುವುದಿಲ್ಲ ಎಂದಲ್ಲ. ಮೀಟಿಂಗ್ ಕರೆಯುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ. ಇಲ್ಲವೇ, ಯಾವುದು ಇನ್ನೂ ತೀರ್ಮಾನ ಆಗಿಲ್ಲ ಎನ್ನುವುದು ಮೀಟಿಂಗ್ ಕರೆದವರಿಗೇ ಗೊತ್ತಿರುವುದಿಲ್ಲ. ಜನ ಇದನ್ನು ಮೊದಲ ಹತ್ತು ನಿಮಿಷದಲ್ಲಿ ಪತ್ತೆ ಮಾಡಿಬಿಡುತ್ತಾರೆ. ಆಮೇಲೆ ಎಷ್ಟು ನಯವಾಗಿ ಮಾತಾಡಿದರೂ ಪ್ರಯೋಜನವಿಲ್ಲ. ಅದಕ್ಕೇ ಒಳ್ಳೆಯ ತರಬೇತಿ ಶುರುವಾಗುವುದು ಒಂದು ಒಣ ಪ್ರಶ್ನೆಯಿಂದ: ಈ ವಿಷಯದಲ್ಲಿ ನಿಮ್ಮ ಕೈಯಲ್ಲಿ ಏನಿದೆ, ಏನಿಲ್ಲ?

ಜನರನ್ನು ಸೇರಿಸಿಕೊಂಡರೆ ನಮ್ಮ ಅಧಿಕಾರ ಹೋಗುತ್ತದೆ ಅಲ್ವಾ?

ಸ್ವಲ್ಪ ಹೋಗುತ್ತದೆ. ಏನೂ ಹೋಗುವುದಿಲ್ಲ ಎಂದು ಸಮಾಧಾನ ಮಾಡುವ ತರಬೇತುದಾರರನ್ನು ನಂಬಬೇಡಿ.

ಶೆರ್ರಿ ಆರ್ನ್‌ಸ್ಟೈನ್ ಎಂಬ ಅಮೆರಿಕದ ಮಹಿಳೆ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಚಿತ್ರಿಸಿದರು. ಕೆಳಗಿನ ಎರಡು ಮೆಟ್ಟಿಲು ಬರೀ ಕಣ್ಣೊರೆಸುವ ಕೆಲಸ. ನಡುವಿನ ಮೂರರಲ್ಲಿ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ಸಮಿತಿಯಲ್ಲಿ ಒಂದೆರಡು ಕುರ್ಚಿ ಹಾಕುತ್ತಾರೆ. ನಿರ್ಧಾರ ಮಾತ್ರ ಅಧಿಕಾರಿಗಳ ಕೈಯಲ್ಲೇ ಉಳಿದಿರುತ್ತದೆ. ಮೇಲಿನ ಮೂರರಲ್ಲಿ ಮಾತ್ರ ಅಧಿಕಾರ ನಿಜವಾಗಿ ಹಂಚಿಕೆಯಾಗುತ್ತದೆ. ತರಬೇತಿಗೆ ಬಂದವರಿಗೆ ತಮ್ಮದೇ ಕಚೇರಿಯ ಈಚಿನ ಮೂರು ನಿರ್ಧಾರಗಳನ್ನು ಈ ಏಣಿಯ ಮೇಲೆ ಇಡಲು ಹೇಳಿ ನೋಡಿ. ಕೋಣೆ ಸುಮ್ಮನಾಗುತ್ತದೆ.

ಎಲ್ಲ ನಿರ್ಧಾರವೂ ಮೇಲಿನ ಮೆಟ್ಟಿಲಲ್ಲೇ ಇರಬೇಕು ಎಂದೇನಿಲ್ಲ. ಯಾವುದು ಎಲ್ಲಿದೆ ಎನ್ನುವುದು ಎರಡೂ ಕಡೆಯವರಿಗೆ ಗೊತ್ತಿರಬೇಕು, ಅಷ್ಟೇ. ಅಮೆರಿಕದ ಮೇಯ್ನ್ ರಾಜ್ಯದ ಲಾಬ್‌ಸ್ಟರ್ (ದೊಡ್ಡ ಸಿಗಡಿಯಂಥ ಕಡಲ ಜೀವಿ) ಮೀನುಗಾರಿಕೆ ಇದಕ್ಕೆ ಒಳ್ಳೆಯ ಪಾಠ. 1995ರ ಕಾನೂನಿನ ಪ್ರಕಾರ ಕರಾವಳಿಯನ್ನು ವಲಯಗಳಾಗಿ ವಿಂಗಡಿಸಿದರು. ಒಬ್ಬೊಬ್ಬರು ಎಷ್ಟು ಬೋನು ಇಡಬಹುದು, ಒಂದು ಹಗ್ಗಕ್ಕೆ ಎಷ್ಟು ಬೋನು ಕಟ್ಟಬಹುದು, ದಿನದ ಯಾವ ಹೊತ್ತಿನಲ್ಲಿ ಹಿಡಿಯಬಹುದು ಇವನ್ನು ಆಯಾ ವಲಯದ ಮೀನುಗಾರರೇ ಮೂರನೇ ಎರಡರಷ್ಟು ಮತದಿಂದ ತೀರ್ಮಾನಿಸಬಹುದು. ಹಿಡಿಯುವ ಲಾಬ್‌ಸ್ಟರ್‌ನ ಅಳತೆ, ಮೊಟ್ಟೆ ಹೊತ್ತ ಹೆಣ್ಣನ್ನು ವಾಪಸ್ ನೀರಿಗೆ ಬಿಡುವ ನಿಯಮ ಇವು ಇಡೀ ರಾಜ್ಯಕ್ಕೆ ಒಂದೇ. ಗಡಿ ಇಷ್ಟು ಸ್ಪಷ್ಟವಾಗಿದ್ದರೆ ಜಗಳವೂ ಸ್ಪಷ್ಟವಾಗಿ ನಡೆಯುತ್ತದೆ.

ಎಲ್ಲರಿಗೂ ಸೇರಿದ್ದನ್ನು ಜನರ ಕೈಗೆ ಬಿಟ್ಟರೆ ಹಾಳಾಗುತ್ತದೆ ಎಂದು ಕಾಲೇಜಿನಲ್ಲೇ ಓದಿದ್ದೇವೆ. ಅದು ಸುಳ್ಳಾ?

ಅರ್ಧ ನಿಜ. ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಪ್ರಬಂಧ ಇಂದಿಗೂ ಪಠ್ಯಗಳಲ್ಲಿದೆ. ಎಲ್ಲರಿಗೂ ತೆರೆದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾ ಹೋಗುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಎನ್ನುವುದು ಅವರ ವಾದ. ಹೇಳುವವರು ಕೇಳುವವರು ಯಾರೂ ಇಲ್ಲದ ಕಡೆ ಇದು ನಿಜವೇ. ತಮ್ಮ ಮಾತು ಅನ್ವಯಿಸುವುದು ನಿರ್ವಹಣೆ ಇಲ್ಲದ ಸ್ವತ್ತಿಗೆ ಎಂದು ಮುಂದೆ ಹಾರ್ಡಿನ್ ಅವರೇ ಒಪ್ಪಿಕೊಂಡರು. ಪಠ್ಯಗಳಲ್ಲಿ ಆ ಭಾಗ ಸಾಮಾನ್ಯವಾಗಿ ಇರುವುದಿಲ್ಲ.

ಅಮೆರಿಕದ ಸಂಶೋಧಕಿ ಎಲಿನರ್ ಆಸ್ಟ್ರಂ ಹುಡುಕಿದ್ದು ನಿರ್ವಹಣೆ ಇರುವ ಸ್ವತ್ತುಗಳನ್ನು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ 1517ರಲ್ಲೇ ಒಂದು ನಿಯಮ ಇತ್ತು. ಚಳಿಗಾಲದಲ್ಲಿ ಮನೆಯಲ್ಲಿ ಎಷ್ಟು ಹಸು ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಬಿಡಬೇಕು. ಸ್ಪೇನಿನ ವೆಲೆನ್ಸಿಯಾದ ಕಾಲುವೆಗಳು, ಜಪಾನಿನ ಹಳ್ಳಿ ಕಾಡುಗಳು, ಫಿಲಿಪೀನ್ಸಿನ ರೈತರ ನೀರಾವರಿ ಸಂಘಗಳು, ಹೀಗೆ ನೂರಾರು ವರ್ಷ ಬಾಳಿದ ವ್ಯವಸ್ಥೆಗಳನ್ನು ಅವರು ಹೋಲಿಸಿ ನೋಡಿದರು. 1990ರಲ್ಲಿ ಅವುಗಳಲ್ಲಿ ಕಂಡ ಎಂಟು ಸಾಮಾನ್ಯ ಗುಣಗಳನ್ನು ಮುಂದಿಟ್ಟರು. ಗಡಿ ಗೊತ್ತಿರಬೇಕು, ನಿಯಮ ಸ್ಥಳಕ್ಕೆ ಹೊಂದಬೇಕು, ಬಳಸುವವರಿಗೆ ನಿಯಮ ಬದಲಿಸುವ ಹಕ್ಕಿರಬೇಕು, ತಪ್ಪಿಗೆ ಮೊದಲು ಸಣ್ಣ ದಂಡ ಇರಬೇಕು ಎನ್ನುವಂಥವು. ಈ ಕೆಲಸಕ್ಕಾಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಆ ಎಂಟರಲ್ಲಿ ಅಧಿಕಾರಿಗಳು ಗಮನಿಸಬೇಕಾದ್ದು ಒಂದಿದೆ. ಜನ ಮಾಡಿಕೊಂಡ ನಿಯಮಕ್ಕೆ ಸರ್ಕಾರ ಅಡ್ಡ ಬರಬಾರದು. ಊರಿನವರು ಸಮಿತಿ ಮಾಡಿ ಕಾಯುತ್ತಿದ್ದ ಜಾಗಕ್ಕೆ ಇಲಾಖೆ ಬೇರೆಯವರಿಗೆ ಪರವಾನಗಿ ಕೊಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಾವು ವಿಜ್ಞಾನ ಓದಿ ಬಂದವರು. ಜನರಿಂದ ನಾವೇನು ಕಲಿಯುವುದು?

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನ ಕಾಡ್ ಎಂಬ ಮೀನಿನ ಕಥೆ ಕೇಳಿ. 1980ರ ದಶಕದಲ್ಲೇ ದಡದ ಹತ್ತಿರ ಸಣ್ಣ ದೋಣಿಯಲ್ಲಿ ಹಿಡಿಯುವವರು ಮೀನು ಕಮ್ಮಿಯಾಗುತ್ತಿದೆ, ಸಿಗುವುದೂ ಚಿಕ್ಕದಾಗುತ್ತಿದೆ ಎಂದು ಹೇಳುತ್ತಲೇ ಇದ್ದರು. ಸರ್ಕಾರದ ಅಂದಾಜು ಮಾತ್ರ ಮೀನು ಚೆನ್ನಾಗಿದೆ ಎನ್ನುತ್ತಿತ್ತು. ಆ ಅಂದಾಜಿಗೆ ಒಂದು ದೊಡ್ಡ ಆಧಾರ ಆಳಸಮುದ್ರದ ಟ್ರಾಲರ್‌ಗಳು ಗಂಟೆಗೆ ಎಷ್ಟು ಹಿಡಿದವು ಎನ್ನುವ ಲೆಕ್ಕ. ಆ ಹಡಗುಗಳ ಹತ್ತಿರ ಮೀನಿನ ಗುಂಪು ಹುಡುಕುವ ಯಂತ್ರಗಳಿದ್ದವು. ಸಮುದ್ರದಲ್ಲಿ ಮೀನು ಎಷ್ಟೇ ಕಮ್ಮಿಯಾದರೂ ಉಳಿದ ಗುಂಪನ್ನು ಅವು ಹುಡುಕಿಕೊಳ್ಳುತ್ತಿದ್ದವು. ಲೆಕ್ಕ ಚೆನ್ನಾಗಿಯೇ ಕಾಣುತ್ತಿತ್ತು. 1992ರ ಜುಲೈನಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನರ ಕೆಲಸ ಹೋಯಿತು.

ಹಾಗೆಂದು ಸ್ಥಳೀಯರು ಹೇಳಿದ್ದೆಲ್ಲ ಸರಿ ಎಂದು ತಲೆಯಾಡಿಸುವುದನ್ನೂ ನಾವು ಕಲಿಸುವುದಿಲ್ಲ. ಅವರ ಅಂದಾಜೂ ತಪ್ಪಬಹುದು. ಅವರಿಗೂ ಸ್ವಂತ ಲಾಭ ಇರುತ್ತದೆ, ನೆನಪು ಕೈಕೊಡುತ್ತದೆ. ಮಾಡಬೇಕಾದ್ದು ಲೆಕ್ಕವನ್ನು ಒಟ್ಟಿಗೆ ತೆಗೆಯುವುದು. ಏನನ್ನು ಅಳೆಯಬೇಕು, ಎಲ್ಲಿ, ಯಾವಾಗ ಎಂದು ಅಳೆಯುವ ಮುಂಚೆಯೇ ಕೂತು ಒಪ್ಪಿಕೊಳ್ಳಬೇಕು. ಫಲಿತಾಂಶ ಬಂದ ಮೇಲೆ ಅಳತೆಯ ವಿಧಾನದ ಮೇಲೆ ಜಗಳವಾದರೆ ಎರಡು ವರ್ಷದ ಕೆಲಸ ನೀರುಪಾಲು.

ಪೊಲೀಸ್ ಥರ ಕೆಲಸ ಮಾಡಿ ಅಭ್ಯಾಸವಾದ ಇಲಾಖೆ ಬದಲಾದ ಉದಾಹರಣೆ ಇದೆಯಾ?

ಇದೆ. ನೇಪಾಳ 1989ರ ಅರಣ್ಯ ಮಹಾಯೋಜನೆಯಲ್ಲೇ ಇಲಾಖೆಯ ಸಿಬ್ಬಂದಿ ಕಾವಲು ಕೆಲಸದಿಂದ ಸಲಹೆಗಾರರ ಕೆಲಸಕ್ಕೆ ಬರಬೇಕು, ಅದಕ್ಕಾಗಿ ಎಲ್ಲರಿಗೂ ಮರುತರಬೇತಿ ಬೇಕು ಎಂದು ಬರೆದುಕೊಂಡಿತು. 1993ರ ಅರಣ್ಯ ಕಾಯ್ದೆ ಕಾಡು ಬಳಸುವ ಸ್ಥಳೀಯರ ಗುಂಪುಗಳಿಗೆ ಕಾನೂನಿನ ಬಲ ಕೊಟ್ಟಿತು. ಇಂದು ಅಲ್ಲಿ 22,000ಕ್ಕೂ ಹೆಚ್ಚು ಗುಂಪುಗಳಿವೆ. ತರಬೇತಿಯೊಂದರಿಂದಲೇ ಇದೆಲ್ಲ ಆಯಿತು ಎಂದರೆ ಸುಳ್ಳಾಗುತ್ತದೆ. ಕಾನೂನು ಬದಲಾಗದೆ ತರಬೇತಿ ಮಾತ್ರ ನಡೆದಿದ್ದರೆ ಸಿಬ್ಬಂದಿ ಹೊಸ ಮಾತು ಕಲಿತು ಹಳೇ ಕೆಲಸ ಮಾಡುತ್ತಿದ್ದರು.

ತರಬೇತಿಯೇ ಇಲ್ಲದೆ ಶುರುವಾದದ್ದೂ ಉಂಟು. ಪಶ್ಚಿಮ ಬಂಗಾಳದ ಅರಬಾರಿಯಲ್ಲಿ 1972ರಲ್ಲಿ ಅಜಿತ್ ಕುಮಾರ್ ಬ್ಯಾನರ್ಜಿ ಎಂಬ ಅರಣ್ಯಾಧಿಕಾರಿ ಸುತ್ತಲ ಹಳ್ಳಿಯವರ ಜೊತೆ ಮಾತಾಡಿಕೊಂಡರು. ಹಾಳಾಗಿದ್ದ ಸಾಲ್ ಮರದ ಕಾಡನ್ನು ನೀವು ಕಾಯಿರಿ, ಕೆಲಸ ಕೊಡುತ್ತೇವೆ, ಮರ ಕಡಿದು ಮಾರಿದಾಗ ಲಾಭದಲ್ಲಿ ಶೇ 25 ನಿಮಗೆ. ಕಾಡು ಮತ್ತೆ ಚಿಗುರಿತು. 1990ರ ಜೂನ್‌ನಲ್ಲಿ ಭಾರತ ಸರ್ಕಾರ ಎಲ್ಲ ರಾಜ್ಯಗಳಿಗೆ ಜಂಟಿ ಅರಣ್ಯ ನಿರ್ವಹಣೆಯ ಸುತ್ತೋಲೆ ಕಳಿಸುವ ಹೊತ್ತಿಗೆ ಅರಬಾರಿ ಅದಕ್ಕೆ ಮಾದರಿಯಾಗಿತ್ತು. ಸುತ್ತೋಲೆಯಿಂದ ಹುಟ್ಟಿದ ಸಮಿತಿಗಳೆಲ್ಲ ಅರಬಾರಿ ಆಗಲಿಲ್ಲ, ಅದು ಬೇರೆ ವಿಷಯ. ಗುರಿ ಕೊಟ್ಟು ಸಮಿತಿ ಎಣಿಸಿದರೆ ಕಾಗದದ ಮೇಲೆ ಸಮಿತಿಗಳು ಆಗುತ್ತವೆ.

ತರಬೇತಿಯಲ್ಲಿ ನಿಜವಾಗಿ ಏನು ಮಾಡಿಸಬೇಕು?

ಉಪನ್ಯಾಸ ಆದಷ್ಟು ಕಮ್ಮಿ ಇರಲಿ. ಮೊದಲ ದಿನ ಪ್ರತಿಯೊಬ್ಬರೂ ತಮ್ಮ ವ್ಯಾಪ್ತಿಯ ಒಂದು ನಿಜವಾದ ತಕರಾರನ್ನು ತೆಗೆದುಕೊಂಡು ಮೂರು ಪಟ್ಟಿ ಮಾಡಬೇಕು. ಕಾನೂನು ಕಟ್ಟಿಹಾಕಿದ ವಿಷಯಗಳು, ಮೇಲಧಿಕಾರಿಯ ಒಪ್ಪಿಗೆ ಬೇಕಾದವು, ತಾವೇ ನಿರ್ಧರಿಸಬಹುದಾದವು. ಮೂರನೆಯ ಪಟ್ಟಿ ಅಂದುಕೊಂಡದ್ದಕ್ಕಿಂತ ಉದ್ದ ಇರುತ್ತದೆ. ಮೊದಲ ಪಟ್ಟಿಯಲ್ಲಿ ಬರೆದ ಎಷ್ಟೋ ವಿಷಯಗಳು ಕಾನೂನಿನಲ್ಲೇ ಇರುವುದಿಲ್ಲ. ಹಿಂದಿನಿಂದ ಹಾಗೆ ನಡೆದುಬಂದಿರುತ್ತದೆ, ಅಷ್ಟೇ.

ಆಮೇಲೆ ಬೇಡಿಕೆಯ ಹಿಂದಿನ ಕಾರಣ ಹುಡುಕುವುದನ್ನು ಕಲಿಸಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಧಾನ ಅಧ್ಯಯನಗಳಿಂದ ಈ ವಿಧಾನ ಹೆಸರಾಯಿತು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಧಿಕಾರಿ ಕಾಡಿಗೆ ದನ ಬಿಡಬೇಡಿ ಎನ್ನುತ್ತಾರೆ. ದನಗಾಹಿಗಳು ಬಿಟ್ಟೇ ಬಿಡುತ್ತೇವೆ ಎನ್ನುತ್ತಾರೆ. ಇಲ್ಲಿ ನಿಂತರೆ ಕೇಸ್ ಹಾಕುವುದೊಂದೇ ದಾರಿ. ಯಾಕೆ ಎಂದು ಇಬ್ಬರನ್ನೂ ಕೇಳಿದರೆ ಚಿತ್ರ ಬೇರೆಯಾಗುತ್ತದೆ. ಅಧಿಕಾರಿಯ ಚಿಂತೆ ಹೊಸದಾಗಿ ನೆಟ್ಟ ಸಸಿಗಳದ್ದು, ಅದೂ ಮೊದಲ ಮೂರು ವರ್ಷದ್ದು. ದನಗಾಹಿಯ ಚಿಂತೆ ಮೇವು ಸಿಗದ ಎರಡು ತಿಂಗಳದ್ದು. ಈಗ ಮಾತಾಡಲು ಜಾಗ ಸಿಕ್ಕಿತು. ಸಸಿ ಇರುವ ಭಾಗಕ್ಕೆ ಬೇಲಿ ಹಾಕಿ ಉಳಿದದ್ದನ್ನು ಬಿಡಬಹುದು. ಮುಚ್ಚಿದ ಭಾಗದಿಂದ ಹುಲ್ಲು ಕೊಯ್ದು ಒಯ್ಯಲು ಬಿಡಬಹುದು. ಸರದಿಯ ಮೇಲೆ ತೆರೆಯಬಹುದು.

ಪಾತ್ರ ಬದಲಿಸಿ ಆಡುವ ಅಭ್ಯಾಸವೂ ಬೇಕು. ಅಧಿಕಾರಿ ದನಗಾಹಿಯಾಗಿ ಕೂರಲಿ, ಎದುರಿಗೆ ಇನ್ನೊಬ್ಬ ಅಧಿಕಾರಿ ಅವರದೇ ಮಾತುಗಳನ್ನು ಅವರಿಗೇ ಹೇಳಲಿ. ನಗು ಬರುತ್ತದೆ. ಸ್ವಲ್ಪ ಹೊತ್ತಿಗೆ ನಗು ನಿಲ್ಲುತ್ತದೆ.

ತರಬೇತುದಾರರು ಮರೆಯುವ ಎರಡು ವಿಷಯ ಇಲ್ಲಿ ಹೇಳಲೇಬೇಕು. ಒಂದು, ಆಗುವುದಿಲ್ಲ ಎಂದು ಹೇಳುವ ಅಭ್ಯಾಸ. ನೋಡೋಣ, ಮೇಲೆ ಕಳಿಸುತ್ತೇನೆ ಎನ್ನುವ ಮಾತು ಆ ಹೊತ್ತಿಗೆ ಹಿತ. ಆರು ತಿಂಗಳಿಗೆ ಅದೇ ಮಾತು ಮೋಸ ಅನಿಸುತ್ತದೆ. ಯಾವುದು ಆಗುವುದಿಲ್ಲ, ಯಾಕೆ ಆಗುವುದಿಲ್ಲ, ಯಾರನ್ನು ಕೇಳಿದರೆ ಆಗಬಹುದು ಎಂದು ಮುಖಕ್ಕೆ ಮುಖ ಕೊಟ್ಟು ಹೇಳುವುದನ್ನು ಕಲಿಯಬೇಕು. ಎರಡು, ಸಭೆಯ ನಡಾವಳಿ ಬರೆಯುವುದು. ಜನರ ಭಾಷೆಯಲ್ಲಿ, ಒಂದೇ ಪುಟದಲ್ಲಿ, ಯಾರು ಏನನ್ನು ಯಾವ ದಿನದೊಳಗೆ ಮಾಡುತ್ತಾರೆ ಎಂದು ಬರೆದು ಅಲ್ಲೇ ಓದಿ ಹೇಳಬೇಕು. ಹದಿನೈದು ದಿನ ಬಿಟ್ಟು ಕಚೇರಿ ಭಾಷೆಯಲ್ಲಿ ಬರುವ ನಡಾವಳಿಯನ್ನು ಯಾರೂ ಓದುವುದಿಲ್ಲ. ಓದಿದವರು ನಂಬುವುದಿಲ್ಲ.

ಎಷ್ಟು ದಿನ ಬೇಕು? ಆನ್‌ಲೈನ್ ಆದರೆ ಸಾಕಾಗಲ್ವಾ?

ಒಂದೇ ಸಲ ಐದು ದಿನ ಮಾಡುವುದಕ್ಕಿಂತ ಮೂರು ದಿನ ಮಾಡಿ, ಎರಡು ಮೂರು ತಿಂಗಳು ಕೆಲಸದಲ್ಲಿ ಪ್ರಯತ್ನಿಸಿ, ಮತ್ತೆ ಎರಡು ದಿನ ಸೇರುವುದು ಒಳ್ಳೆಯದು. ಎರಡನೇ ಸಲ ಬರುವಾಗ ಪ್ರಶ್ನೆಗಳು ನಿಜವಾಗಿರುತ್ತವೆ. ಕಾನೂನು, ಹಿನ್ನೆಲೆ ಇವಕ್ಕೆ ಆನ್‌ಲೈನ್ ಸಾಕು. ಸಿಟ್ಟಾದ ಮನುಷ್ಯನ ಎದುರು ಕೂರುವುದನ್ನು ಪರದೆಯ ಮುಂದೆ ಕಲಿಯಲು ಆಗುವುದಿಲ್ಲ.

ಯಾರು ಕಲಿಸಬೇಕು?

ಅಧಿಕಾರಿಗಳು ಅಧಿಕಾರಿಗಳ ಮಾತು ಕೇಳುತ್ತಾರೆ. ಅದೇ ಸಮವಸ್ತ್ರ ಹಾಕಿ, ಅದೇ ಬಜೆಟ್ ತಲೆನೋವು ಅನುಭವಿಸಿ, ಇದನ್ನು ಮಾಡಿ ನೋಡಿದವರು ಒಬ್ಬರಾದರೂ ಇರಲಿ. ಜೊತೆಗೆ ಸ್ಥಳೀಯರು ಬೇಕು, ಪ್ರದರ್ಶನದ ಗೊಂಬೆಗಳಾಗಿ ಅಲ್ಲ, ಸಂಭಾವನೆ ಪಡೆಯುವ ತರಬೇತುದಾರರಾಗಿ. ಹೊರಗಿನ ಸಂಸ್ಥೆಗಳ ನೆರವು ಬೇಕಿದ್ದರೆ ಅದೂ ಉಂಟು. ಬ್ಯಾಂಕಾಕ್‌ನಲ್ಲಿ 1987ರಲ್ಲಿ ಶುರುವಾದ ರೆಕಾಫ್ಟ್‌ಸಿ (RECOFTC) ಎಂಬ ಸಂಸ್ಥೆ ಸಮುದಾಯ ಅರಣ್ಯ ತರಬೇತಿಯನ್ನೇ ಮುಖ್ಯ ಕೆಲಸ ಮಾಡಿಕೊಂಡಿದೆ. ಅಮೆರಿಕದಲ್ಲಿ ಪರಿಸರ ತಕರಾರುಗಳ ಸಂಧಾನಕ್ಕೆಂದೇ 1998ರಲ್ಲಿ ಒಂದು ಸರ್ಕಾರಿ ಸಂಸ್ಥೆ ಹುಟ್ಟಿತು.

ನಮ್ಮ ಇಲಾಖೆಯ ಮೇಲೆ ಜನರಿಗೆ ಹಳೇ ಸಿಟ್ಟಿದೆ. ಎಲ್ಲಿಂದ ಶುರು ಮಾಡುವುದು?

ಸಿಟ್ಟಿಗೆ ಕಾರಣ ಇದೆ ಎಂದು ಒಪ್ಪಿಕೊಳ್ಳುವುದರಿಂದ. ಹಳೆಯದನ್ನು ಮರೆಯೋಣ ಎಂದು ಹೇಳುವ ಹಕ್ಕು ಇಲಾಖೆಗೆ ಇಲ್ಲ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಾಲ್ಮನ್ ಮೀನು ಹಿಡಿದದ್ದಕ್ಕೆ ಬುಡಕಟ್ಟು ಜನರನ್ನು ಅಧಿಕಾರಿಗಳು ಬಂಧಿಸುತ್ತಿದ್ದ ಕಾಲವಿತ್ತು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್ ಸರ್ಕಾರ 1850ರ ದಶಕದಲ್ಲಿ ಬುಡಕಟ್ಟುಗಳ ಜೊತೆ ಮಾಡಿಕೊಂಡ ಒಪ್ಪಂದಗಳನ್ನು ಎತ್ತಿ ಹಿಡಿದು, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಬುಡಕಟ್ಟುಗಳದ್ದು ಎಂದರು. ಕೋರ್ಟ್ ಆದೇಶದಿಂದ ಪ್ರೀತಿ ಹುಟ್ಟಲಿಲ್ಲ. ಹತ್ತು ವರ್ಷ ಕಿತ್ತಾಟ ನಡೆಯಿತು. ಎಲ್ಲದಕ್ಕೂ ಕೋರ್ಟಿಗೆ ಹೋಗಿ ಸಾಕಾದ ಮೇಲೆ, 1980ರ ದಶಕದ ಮಧ್ಯದಲ್ಲಿ, ಎರಡೂ ಕಡೆಯವರು ಒಟ್ಟಿಗೆ ಯೋಜನೆ ಮಾಡಲು ಕೂತರು. ಈಗ ರಾಜ್ಯವೂ ಬುಡಕಟ್ಟುಗಳೂ ಸಹ ನಿರ್ವಾಹಕರು. ಬುಡಕಟ್ಟುಗಳ ಬಳಿ ತಮ್ಮದೇ ಜೀವವಿಜ್ಞಾನಿಗಳಿದ್ದಾರೆ. ಹಕ್ಕು ಸ್ಪಷ್ಟವಾದ ಮೇಲೆ ಸಹಕಾರ ಸಾಧ್ಯವಾಯಿತು ಎನ್ನುವುದನ್ನು ಗಮನಿಸಿ. ನಮ್ಮಲ್ಲಿ ಬಹಳಷ್ಟು ಜನ ಇದರ ತಿರುವುಮುರುವು ನಿರೀಕ್ಷಿಸುತ್ತಾರೆ. ಮೊದಲು ಸಹಕರಿಸಲಿ, ಹಕ್ಕಿನ ಮಾತು ಆಮೇಲೆ.

ಇನ್ನೊಂದು ದಾರಿ ಕೆನಡಾದ ಗ್ವಾಯ್ ಹಾನಸ್ ದ್ವೀಪಗಳದ್ದು. ಆ ನೆಲ ಯಾರದು ಎನ್ನುವ ಬಗ್ಗೆ ಅಲ್ಲಿನ ಮೂಲನಿವಾಸಿಗಳಾದ ಹೈಡಾ ಜನರಿಗೂ ಕೆನಡಾ ಸರ್ಕಾರಕ್ಕೂ ಒಮ್ಮತ ಇರಲಿಲ್ಲ. 1993ರ ಒಪ್ಪಂದದಲ್ಲಿ ಎರಡು ವಾದಗಳನ್ನೂ ಅಕ್ಕಪಕ್ಕ ಬರೆದರು. ಭಿನ್ನಾಭಿಪ್ರಾಯವನ್ನು ಹಾಗೇ ಇಟ್ಟುಕೊಂಡು, ನೆಲ ಕಾಯುವ ಕೆಲಸಕ್ಕೆ ಸಮ ಸಂಖ್ಯೆಯ ಮಂಡಳಿ ಮಾಡಿಕೊಂಡರು. ತರಬೇತಿಯಲ್ಲಿ ಆ ಒಪ್ಪಂದದ ಮೊದಲ ಪುಟಗಳನ್ನು ಓದಿಸಿದರೆ ಅರ್ಧ ದಿನದ ಉಪನ್ಯಾಸ ಉಳಿಯುತ್ತದೆ.

ಮೀಟಿಂಗ್‌ಗೆ ಯಾವಾಗಲೂ ಅದೇ ನಾಲ್ಕು ಜನ ಬರುತ್ತಾರೆ. ಏನು ಮಾಡುವುದು?

ಮೊದಲು ಮೀಟಿಂಗ್ ಇಟ್ಟ ಹೊತ್ತು, ಜಾಗ ನೋಡಿ. ಕೂಲಿಗೆ ಹೋಗುವವರು ಬೆಳಗ್ಗೆ ಹನ್ನೊಂದಕ್ಕೆ ಬರುವುದಿಲ್ಲ. ಆ ನಾಲ್ಕು ಜನ ಬರುವುದು ಅವರಿಗೆ ಹೊತ್ತಿದೆ ಎಂದು.

ಹೆಂಗಸರನ್ನು ಒಬ್ಬರೋ ಇಬ್ಬರೋ ಸಮಿತಿಗೆ ಸೇರಿಸಿದರೆ ಅವರು ಸುಮ್ನೆ ಕೂತು ಹೋಗುತ್ತಾರೆ. ಆಮೇಲೆ ಅವರಿಗೆ ಆಸಕ್ತಿ ಇಲ್ಲ ಎನ್ನುತ್ತೇವೆ. ಭಾರತ ಮತ್ತು ನೇಪಾಳದ ಸಮುದಾಯ ಅರಣ್ಯ ಗುಂಪುಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಕಂಡುಕೊಂಡದ್ದು ಸಂಖ್ಯೆ ಮುಖ್ಯ ಎಂದು. ಕಾರ್ಯಕಾರಿ ಸಮಿತಿಯಲ್ಲಿ ಹೆಂಗಸರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಾದಾಗ ಅವರು ಮಾತಾಡುವುದು, ಹುದ್ದೆ ಹಿಡಿಯುವುದು ಜಾಸ್ತಿಯಾಗುತ್ತದೆ. ಸೌದೆ ತರುವವರು ಅವರೇ ಆಗಿರುವಾಗ, ಅವರಿಲ್ಲದೆ ಮಾಡಿದ ಸೌದೆ ನಿಯಮ ಎಷ್ಟು ದಿನ ನಿಂತೀತು?

ಬಾಯಿಲ್ಲದವರನ್ನು ಮೀಟಿಂಗ್‌ಗೆ ಎಳೆದು ತರುವುದೊಂದೇ ದಾರಿ ಅಲ್ಲ. ನೀವೇ ಅವರು ಕೆಲಸ ಮಾಡುವ ಕಡೆ ಹೋಗಬಹುದು.

ಎಲ್ಲರೂ ಒಪ್ಪಲೇಬೇಕಾ?

ಬೇಡ. ಆದರೆ ಒಪ್ಪದಿದ್ದರೆ ಏನು ಮಾಡುತ್ತೇವೆ ಎಂದು ಶುರುವಿನಲ್ಲೇ ಬರೆದಿಡಬೇಕು. ಮತವೋ, ಮಧ್ಯಸ್ಥರೋ, ಇಲಾಖೆಯ ತೀರ್ಮಾನವೋ? ಅಮೆರಿಕದ ಮೊಂಟಾನಾದಲ್ಲಿ 1993ರಿಂದ ಕೆಲಸ ಮಾಡುತ್ತಿರುವ ಬ್ಲ್ಯಾಕ್‌ಫುಟ್ ಚಾಲೆಂಜ್ ಎಂಬ ಗುಂಪಿನಲ್ಲಿ ಜಮೀನುದಾರರೂ ಸರ್ಕಾರಿ ಇಲಾಖೆಗಳೂ ಒಟ್ಟಿಗಿದ್ದಾರೆ. ಶೇ 80ರಷ್ಟು ವಿಷಯದಲ್ಲಿ ನಾವು ಒಪ್ಪುತ್ತೇವೆ, ಅದರ ಮೇಲೆ ಕೆಲಸ ಮಾಡೋಣ, ಉಳಿದ ಶೇ 20ನ್ನು ಬಾಗಿಲ ಹೊರಗೆ ಬಿಡೋಣ ಎನ್ನುವುದು ಅವರ ರೂಢಿ. ಶುರುವಿಗೆ ಒಳ್ಳೆಯ ನಿಯಮ. ಆದರೆ ಆ ಶೇ 20ರಲ್ಲೇ ಯಾರದೋ ಜೀವನ ನಿಂತಿದ್ದರೆ ಹೊರಗೆ ಬಿಡುವ ಹಾಗಿಲ್ಲ.

ಕಾನೂನು ಇದಕ್ಕೆಲ್ಲ ಅವಕಾಶ ಕೊಡುವುದಿಲ್ಲ ಎಂದು ಕಚೇರಿಯಲ್ಲಿ ಹೇಳುತ್ತಾರೆ.

ಯಾವ ಕಲಮು ಎಂದು ಕೇಳಿ. ಅಮೆರಿಕದ ಅಧಿಕಾರಿಗಳಲ್ಲಿ ಇದೇ ಭಯ 1972ರ ಸಲಹಾ ಸಮಿತಿ ಕಾಯ್ದೆಯ ಬಗ್ಗೆ ಇದೆ. ಸರ್ಕಾರ ಹೊರಗಿನವರ ಸಮಿತಿ ಮಾಡಿ ಸಲಹೆ ಪಡೆಯುವುದಾದರೆ ಅದಕ್ಕೆ ಲಿಖಿತ ನಿಯಮಾವಳಿ, ತೆರೆದ ಸಭೆ, ಎಲ್ಲ ಬಗೆಯ ಅಭಿಪ್ರಾಯದವರು ಇರಬೇಕು ಎನ್ನುತ್ತದೆ ಆ ಕಾಯ್ದೆ. ಉದ್ದೇಶ ಒಳ್ಳೆಯದೇ. ಗುಟ್ಟಾಗಿ ಕೆಲವರ ಮಾತು ಮಾತ್ರ ಕೇಳಬಾರದು ಎಂದು. ಆದರೆ ಅದರ ಹೆಸರು ಹೇಳಿ ಜನರ ಜೊತೆ ಕೂರುವುದನ್ನೇ ಬಿಟ್ಟವರಿದ್ದಾರೆ. ಸ್ಥಳೀಯರು ತಾವೇ ಕರೆದ ಸಭೆಗೆ ಅಧಿಕಾರಿ ಹೋಗಿ ಕೂರುವುದನ್ನು ಆ ಕಾಯ್ದೆ ತಡೆಯುವುದಿಲ್ಲ. ತರಬೇತಿಯಲ್ಲಿ ಇಲಾಖೆಯ ಕಾನೂನು ಸಲಹೆಗಾರರನ್ನು ಅರ್ಧ ದಿನ ಕೂರಿಸಿ, ಏನು ಮಾಡಬಾರದು ಎಂದು ಕೇಳುವ ಬದಲು ಇದನ್ನು ಕಾನೂನಿನೊಳಗೆ ಮಾಡುವುದು ಹೇಗೆ ಎಂದು ಕೇಳಿ.

ಮೂರು ವರ್ಷಕ್ಕೆ ವರ್ಗಾವಣೆ ಆಗುತ್ತದೆ. ಆಮೇಲೆ?

ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ಶ್ರೀಲಂಕಾದ ಗಲ್ ಓಯಾ ನೀರಾವರಿಯಲ್ಲಿ 1981ರಿಂದ ಯುವ ಪದವೀಧರರನ್ನು ಸಂಘಟಕರಾಗಿ ಹಳ್ಳಿಗಳಿಗೆ ಕಳಿಸಿದರು. ಅವರು ಅಲ್ಲೇ ಉಳಿದು ಮನೆ ಮನೆಗೆ ಹೋಗಿ ಮಾತಾಡಿದರು. ಕಾಲುವೆಯ ಮೇಲ್ಭಾಗದ ರೈತರು ಕೆಳಗಿನವರಿಗೆ ನೀರು ಬಿಟ್ಟುಕೊಟ್ಟರು. ಸಿಂಹಳ ಮತ್ತು ತಮಿಳು ರೈತರ ನಡುವೆಯೂ ಈ ಸಹಕಾರ ನಡೆಯಿತು. ಆದರೆ ಸಂಘಟಕರ ಕೆಲಸ ಖಾಯಂ ಆಗಿರಲಿಲ್ಲ. ಬೇರೆ ಖಾಯಂ ನೌಕರಿ ಸಿಕ್ಕಿದ ಹಾಗೆ ಒಬ್ಬೊಬ್ಬರೇ ಹೋದರು. ಕೆಲಸ ಉಳಿದದ್ದು ರೈತರು ಸಣ್ಣ ಸಣ್ಣ ಗುಂಪುಗಳಲ್ಲಿ ತಮ್ಮ ಪ್ರತಿನಿಧಿಗಳನ್ನು ಆಗಲೇ ಆರಿಸಿಕೊಂಡಿದ್ದರಿಂದ.

ಅದಕ್ಕೇ ತರಬೇತಿಯಲ್ಲಿ ಹಸ್ತಾಂತರದ ಟಿಪ್ಪಣಿ ಬರೆಯುವುದನ್ನು ಕಲಿಸಬೇಕು. ಕಡತದಲ್ಲಿ ಇಲ್ಲದ್ದನ್ನು ಬರೆಯಬೇಕು: ಯಾರಿಗೆ ಏನು ಮಾತು ಕೊಟ್ಟಿದ್ದೇವೆ, ಯಾರ ನಡುವೆ ಏನು ಮುನಿಸಿದೆ, ಯಾವ ಮಾತು ಇನ್ನೂ ಬಾಕಿ ಇದೆ. ಹೊಸ ಅಧಿಕಾರಿಯನ್ನು ಹಳಬರು ಒಂದು ದಿನ ಕರೆದುಕೊಂಡು ಹೋಗಿ ಪರಿಚಯಿಸಿದರೆ ಇನ್ನೂ ಒಳ್ಳೆಯದು. ಇದಕ್ಕೆ ಯಾವ ಆದೇಶವೂ ಬೇಕಿಲ್ಲ.

ಮೇಲಧಿಕಾರಿಗಳಿಗೆ ತರಬೇತಿ ಬೇಡವಾ?

ಬೇಕೇ ಬೇಕು. ಅವರಿಗೆ ಅರ್ಧ ದಿನ ಸಿಕ್ಕರೂ ಸಾಕು, ಆದರೆ ಒಂದೇ ವಿಷಯದ ಮೇಲೆ: ನಿಮ್ಮ ಕೆಳಗಿನವರನ್ನು ಯಾವುದರಿಂದ ಅಳೆಯುತ್ತೀರಿ? ನೆಟ್ಟ ಸಸಿ, ಹಾಕಿದ ಕೇಸ್, ಮಾರ್ಚ್ ಒಳಗೆ ಮುಗಿದ ಖರ್ಚು ಇವೇ ಅಳತೆಯಾದರೆ, ಜನರ ಜೊತೆ ನಾಲ್ಕು ತಿಂಗಳು ಮಾತಾಡಿದ ಅಧಿಕಾರಿ ಸೋಮಾರಿಯಂತೆ ಕಾಣುತ್ತಾರೆ.

ಫಿಲಿಪೀನ್ಸಿನ ರಾಷ್ಟ್ರೀಯ ನೀರಾವರಿ ಸಂಸ್ಥೆ ಬದಲಾದದ್ದು ಹಣದ ದಾರಿ ಬದಲಾದಾಗ. ಸರ್ಕಾರದ ನಿರ್ವಹಣಾ ಅನುದಾನ ಹಂತ ಹಂತವಾಗಿ ನಿಂತು, ರೈತರು ಕಟ್ಟುವ ಶುಲ್ಕದ ಮೇಲೆ ಸಂಸ್ಥೆ ನಡೆಯಬೇಕಾಯಿತು. ರೈತರಿಗೆ ಬೇಡದ ಕಾಲುವೆಗೆ ರೈತರು ದುಡ್ಡು ಕಟ್ಟುವುದಿಲ್ಲ. 1976ರಲ್ಲಿ ಪ್ರಯೋಗವಾಗಿ ಕಾಲುವೆ ಕಟ್ಟುವ ಕೆಲಸಕ್ಕೆ ತಿಂಗಳುಗಟ್ಟಲೆ ಮುಂಚೆ ಸಂಘಟಕರನ್ನು ಕಳಿಸಿದರು. ಕಾಲುವೆ ಎಲ್ಲಿ ಹಾಯಬೇಕು ಎನ್ನುವುದರಲ್ಲಿ ರೈತರ ಮಾತು ನಡೆಯಿತು. ಎಂಜಿನಿಯರ್‌ಗಳ ಮನಸ್ಸು ಬದಲಾಯಿತೋ ಇಲ್ಲವೋ, ಅವರ ವೇಳಾಪಟ್ಟಿ ಮತ್ತು ಬಜೆಟ್ ಅಂತೂ ಬದಲಾದವು.

ಸಹಭಾಗಿತ್ವ ಬೇಡದ ಸಂದರ್ಭ ಇದೆಯಾ?

ಇದೆ. ಕಾಡಿಗೆ ಬೆಂಕಿ ಬಿದ್ದಾಗ ಸಭೆ ಕರೆಯುವುದಿಲ್ಲ. ಬೆದರಿಕೆ ಹಾಕುವ ಮರಗಳ್ಳರ ಜೊತೆ ಸಂಧಾನವಿಲ್ಲ. ಇನ್ನೊಂದು ಸಂದರ್ಭವನ್ನು ಅಧಿಕಾರಿಗಳು ಒಪ್ಪುವುದು ಕಷ್ಟ: ನಿರ್ಧಾರ ಆಗಿಹೋಗಿದ್ದರೆ ಅಭಿಪ್ರಾಯ ಕೇಳುವ ನಾಟಕ ಬೇಡ. ಇಂಥದ್ದು ತೀರ್ಮಾನವಾಗಿದೆ, ಕಾರಣ ಇದು, ದೂರು ಇದ್ದರೆ ಇಲ್ಲಿ ಕೊಡಿ ಎಂದು ಹೇಳಿ. ಜನ ಬೈಯುತ್ತಾರೆ. ಆದರೆ ಮುಂದಿನ ಸಲ ನಿಜವಾಗಿ ಕರೆದಾಗ ಬರುತ್ತಾರೆ.

ತರಬೇತಿಯಿಂದ ಉಪಯೋಗ ಆಯಿತು ಎಂದು ತಿಳಿಯುವುದು ಹೇಗೆ?

ಕೊನೆಯ ದಿನ ತುಂಬಿಸುವ ಫಾರ್ಮ್‌ನಿಂದ ಊಟ, ಕೋಣೆ ಚೆನ್ನಾಗಿತ್ತೋ ಎನ್ನುವುದು ಗೊತ್ತಾಗುತ್ತದೆ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯ ಫಲವನ್ನು ನಾಲ್ಕು ಹಂತದಲ್ಲಿ ನೋಡಬೇಕು ಎಂದಿದ್ದರು. ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಅದರಿಂದ ಏನಾಯಿತು. ಎಲ್ಲರೂ ಮೊದಲನೆಯದರಲ್ಲೇ ನಿಂತುಬಿಡುತ್ತೇವೆ.

ಆರು ತಿಂಗಳ ನಂತರ ಕಚೇರಿಗೆ ಹೋಗಿ ನಡಾವಳಿಗಳನ್ನು ನೋಡಿ. ಜನ ಹೇಳಿದ್ದರಿಂದ ಬದಲಾದ ಒಂದಾದರೂ ನಿರ್ಧಾರ ಇದೆಯಾ? ಕೊಟ್ಟ ಮಾತುಗಳಲ್ಲಿ ಎಷ್ಟು ದಿನಾಂಕದೊಳಗೆ ಮುಗಿದವು? ಆಮೇಲೆ ಕಚೇರಿಯ ಹೊರಗೆ ಬಂದು ಜನರನ್ನು ಕೇಳಿ. ಕಾಡು, ಮೀನು ಹೆಚ್ಚಾಯಿತಾ ಎನ್ನುವುದಕ್ಕೆ ವರ್ಷಗಳು ಬೇಕು. ಮಳೆ, ಮಾರುಕಟ್ಟೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ತರಬೇತಿಯೊಂದಕ್ಕೇ ಆ ಶ್ರೇಯ ಕೊಡುವ ವರದಿ ಕಂಡರೆ ಅನುಮಾನಪಡಿ.

ತರಬೇತಿಗೆ ಬರುವಾಗ ಏನು ತರಬೇಕು?

ನಿಮ್ಮ ವ್ಯಾಪ್ತಿಯ ನಕ್ಷೆ. ಕೈಗೆ ಹತ್ತದೆ ಉಳಿದ ಒಂದು ತಕರಾರಿನ ಕಡತ, ಹೆಸರುಗಳನ್ನು ಮರೆಮಾಡಿ. ಈಚಿನ ಎರಡು ಮೂರು ಸಭೆಗಳ ನಡಾವಳಿ. ಆಗುವುದಾದರೆ ಆ ತಕರಾರಿನ ಇನ್ನೊಂದು ಕಡೆಯವರಲ್ಲಿ ಒಬ್ಬರನ್ನೂ ಕರೆತನ್ನಿ. ಅವರ ಪ್ರಯಾಣದ ಖರ್ಚನ್ನು ನಿಮ್ಮ ಕಚೇರಿ ಮೊದಲೇ ಮಂಜೂರು ಮಾಡಿಸಿಕೊಂಡಿರಲಿ. ಆಮೇಲೆ ಕೊಡುತ್ತೇವೆ ಎಂದು ಹೇಳಿ ಕರೆತರಬೇಡಿ.